ಒತ್ತಿನ ಮೇಲೊಂದು ಬೆಸುಗೆ

ನನ್ನ ತಂಗಿ ವೈರಿನ ತುದಿಗೆ ಒತ್ತಿದ ಲಗ್ಗಿನ ಮೇಲೆ ನಾನು ಕದ್ದು ಬೆಸುಗೆ ಹಾಕಿದ್ದು ಒಂದು ಮಧ್ಯಾಹ್ನ, ಅವಳು ಊಟಕ್ಕೆ ಹೋಗಿದ್ದಾಗ. ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ. ಮೂವತ್ತು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ನಮ್ಮದು ವೈರಿಂಗ್ ರಿಪೇರಿ ಅಂಗಡಿ. ಗಾಡಿಯ ವೈರು, ಪಂಪಿನ ವೈರು, ಬ್ಯಾಟರಿಯಲ್ಲಿ ಓಡುವ ಯಾವುದೇ ಬಡಪಾಯಿ ಯಂತ್ರ ಬಂದರೂ ಇಲ್ಲ ಎನ್ನುವುದಿಲ್ಲ. ಒಳಗೆ ಎರಡು ಮೇಜು. ಬಾಗಿಲ ಹತ್ತಿರದ್ದು ನನ್ನದು, ಕಿಟಕಿ ಪಕ್ಕದ್ದು ತಂಗಿಯದು. ನನ್ನ ಮೇಜಿನ ಮೇಲೆ ಅಪ್ಪನ ಕಾಲದ ದೊಡ್ಡ ಸೋಲ್ಡರ್ ಐರನ್ನು, ಬೆಸುಗೆಗೆ ಸವರುವ ಪೇಸ್ಟಿನ ಡಬ್ಬಿ, ಸುರುಳಿ ಸುತ್ತಿದ ಲೆಡ್ಡು. ಅಪ್ಪ ರೇಡಿಯೋ ರಿಪೇರಿಯವರು. ಎರಡು ವೈರು ಕೂಡಬೇಕಾದರೆ ನಡುವೆ ಲೆಡ್ಡು ಕರಗಿ ಹರಿಯಬೇಕು, ಅದು ತಣಿದು ಬೆಳ್ಳಿಯ ಹಾಗೆ ಹೊಳೆಯಬೇಕು ಅಂತ ಅವರು ನನಗೆ ಹತ್ತು ವರ್ಷವಿದ್ದಾಗಲೇ ಕೈಹಿಡಿದು ಕಲಿಸಿದ್ದರು. ಬೀದಿಯವರು ನನ್ನನ್ನು ಕರೆಯುವುದೇ ಸೋಲ್ಡರ್ ಅಣ್ಣ ಎಂದು.

ತಂಗಿಯದು ಬೇರೆ ದಾರಿ. ಎಂಟು ವರ್ಷ ಗಾಡಿಗಳಿಗೆ ವೈರಿನ ಕಟ್ಟು ತಯಾರಿಸುವ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಬೆಸುಗೆಯ ಹೆಸರೆತ್ತುವಂತಿರಲಿಲ್ಲ. ಎಲ್ಲವೂ ಕ್ರಿಂಪು, ಅಂದರೆ ಒತ್ತು. ಲಗ್ಗು ಅಂದರೆ ವೈರಿನ ತುದಿಗೆ ಹಾಕುವ ತಾಮ್ರದ ಪುಟ್ಟ ಕೊಳವೆ, ಮುಂದುಗಡೆ ಬೋಲ್ಟು ಕೂರಿಸಲು ಒಂದು ಬಳೆ. ವೈರಿನ ಎಳೆಗಳನ್ನು ಆ ಕೊಳವೆಗೆ ತೂರಿಸಿ, ಅಳತೆಗೆ ಸರಿಯಾದ ಬಾಯಿಯಿರುವ ಇಕ್ಕಳದಲ್ಲಿ ಕಚಕ್ ಎಂದು ಒತ್ತಿದರೆ ಮುಗಿಯಿತು. ಬೆಂಕಿಯಿಲ್ಲ, ಹೊಗೆಯಿಲ್ಲ. ಕಾರ್ಖಾನೆ ಮುಚ್ಚಿದಾಗ ಅವಳು ಬಂದದ್ದು ಆ ಕೆಂಪು ಹಿಡಿಯ ಇಕ್ಕಳವನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಚಿಕ್ಕಂದಿನಲ್ಲಿ ಹಿಡಿದದ್ದನ್ನು ಬಿಡದ ಹಟಕ್ಕೆ ಮನೆಯಲ್ಲಿ ಅವಳಿಗೆ ಇಟ್ಟಿದ್ದ ಅಡ್ಡಹೆಸರೂ ಇಕ್ಕಳವೇ.

"ಏನೇ ಇಕ್ಕಳ, ಬಟ್ಟೆಗೆ ಕ್ಲಿಪ್ ಹಾಕೋದು ಮುಗೀತಾ?" ಎಂದು ನಾನು ರೇಗಿಸುತ್ತಿದ್ದೆ.

"ನಂದು ಆಗ್ಲೇ ಮುಗೀತು. ನಿಂದು ಹೊಗೆ ಹಾಕೋದು ಇನ್ನೂ ಎಷ್ಟೊತ್ತು?" ಎನ್ನುತ್ತಿದ್ದಳು.

ಅವಳದೊಂದು ಪದ್ಧತಿಯಿತ್ತು. ಪ್ರತಿ ಲಗ್ಗು ಒತ್ತಿದ ಮೇಲೂ ಅದನ್ನು ಮೇಜಿನ ಅಂಚಿಗೆ ಬಿಗಿದ ವೈಸಿನ ದವಡೆಗೆ ಸಿಕ್ಕಿಸಿ, ವೈರನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಮೇಜಿನ ಕಾಲಿಗೆ ಪಾದ ಕೊಟ್ಟು, ಇಡೀ ಮೈಭಾರ ಬಿಟ್ಟು ಎಳೆಯುತ್ತಿದ್ದಳು. ಬಿಟ್ಟು ಬರಲಿಲ್ಲವೆಂದರೆ ಪಾಸು. "ಬಾ ಅಣ್ಣ, ನೀನೂ ಒಂದ್ಸಲ ಎಳೆದು ನೋಡು" ಎಂದು ಪ್ರತಿ ಸಲವೂ ಕರೆಯುತ್ತಿದ್ದಳು. ನಾನು ಒಂದೇ ಒಂದು ಸಲವೂ ಏಳಲಿಲ್ಲ. "ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದೆ.

ಅವಳು ನನಗೆ ತಿಳಿಸಿ ಹೇಳಲಿಲ್ಲವೆಂದಲ್ಲ. ಒಂದು ದಿನ ನಾನು ಗಾಡಿಯೊಂದರ ವೈರಿಗೆ ಬೆಸುಗೆ ಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು. "ಅಣ್ಣ, ಲೆಡ್ಡು ಎಳೆಗಳ ಒಳಗೆ ಹತ್ತಿಕೊಂಡು ಹೋಗುತ್ತೆ. ಅದು ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೆ ವೈರು ಕಡ್ಡಿ ಆಗಿಬಿಡುತ್ತೆ, ಅಲ್ಲಿಂದ ಮುಂದೆ ಮೆತ್ತಗೆ. ಗಾಡಿ ಅಲ್ಲಾಡ್ತಾ ಅಲ್ಲಾಡ್ತಾ ಆ ಕಡ್ಡಿ ಮುಗಿಯೋ ಜಾಗದಲ್ಲೇ ಮುರಿಯುತ್ತೆ. ರೇಡಿಯೋ ಒಂದು ಕಡೆ ಕೂತಿರುತ್ತೆ, ಅದಕ್ಕೆ ನಿಂದು ಸರಿ. ಓಡೋದಕ್ಕೆ ಬೇಡ."

"ನೀನು ಬಾಯಲ್ಲಿ ಬೆರಳಿಟ್ಕೊಂಡಿದ್ದಾಗಿಂದ ನಾನು ಐರನ್ ಹಿಡಿದಿದೀನಿ ಕಣೇ. ನಂಗೆ ಪಾಠ ಹೇಳ್ತೀಯಾ?"

"ಪಾಠ ಅಲ್ಲಪ್ಪ. ಹೇಳ್ದೆ ಅಷ್ಟೆ" ಎಂದು ಹೊರಟುಹೋದಳು.

ಹೀಗಿರುವಾಗ ಗಡಿಯಾರ ರಿಪೇರಿಯ ಯಜಮಾನರ ಕುರ್ಚಿ ಅಂಗಡಿಗೆ ಬಂತು. ಅವರಿಗೆ ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ. ಮನೆ ಇಳಿಜಾರಿನ ಮೇಲೆ, ಗಡಿಯಾರದ ಗೂಡಂಗಡಿ ಕೆಳಗೆ. ಬ್ಯಾಟರಿಯ ಗಾಲಿಕುರ್ಚಿಯಲ್ಲಿ ಕೂತು ಬಲಗೈಯಲ್ಲಿ ಒಂದು ಚಿಕ್ಕ ಕಡ್ಡಿಯನ್ನು ಆಡಿಸುತ್ತ ದಿನಾ ತಾವೇ ಇಳಿದು ತಾವೇ ಹತ್ತುತ್ತಿದ್ದರು. ಅದರ ಬ್ಯಾಟರಿಗೆ ಹೋಗುವ ಎರಡು ದಪ್ಪ ವೈರು, ಒಂದು ಕೆಂಪು ಒಂದು ಕಪ್ಪು, ಹಳತಾಗಿ ಹಸಿರು ಕಿಲುಬು ಹಿಡಿದಿದ್ದವು. ಎರಡನ್ನೂ ಹೊಸದಾಗಿ ಮಾಡಬೇಕಿತ್ತು.

ನಾನು ಎದ್ದು ನಿಂತೆ. ಯಜಮಾನರು ನನ್ನ ಮೇಜನ್ನು ದಾಟಿಕೊಂಡು ನೇರ ಕಿಟಕಿಯ ಹತ್ತಿರ ಹೋದರು. "ತಪ್ಪು ತಿಳ್ಕೋಬೇಡಪ್ಪ ಸೋಲ್ಡರ್. ಇದು ನಿನ್ನ ತಂಗಿ ಕೈಯಲ್ಲೇ ಆಗ್ಲಿ" ಎಂದರು.

"ಅಯ್ಯೋ, ಅದಕ್ಕೇನಂತೆ" ಎಂದು ನಕ್ಕೆ. ಕೂತ ಮೇಲೆ ನನ್ನ ಕಿವಿ ಬಿಸಿಯಾಗಿತ್ತು.

ತಂಗಿ ಎರಡು ವೈರು ಕತ್ತರಿಸಿ, ನಾಲ್ಕು ತುದಿಗೂ ಲಗ್ಗು ಒತ್ತಿದಳು. ಒಂದೊಂದನ್ನೂ ಎಳೆದು ನೋಡಿದಳು. ಮೇಲೆ ಪ್ಲಾಸ್ಟಿಕ್ಕಿನ ಕಪ್ಪು ಸ್ಲೀವು ಹಾಕಿ ಬಿಸಿಗಾಳಿಯಲ್ಲಿ ಬಿಗಿ ಮಾಡಿದಳು. ಒಂದು ಕಡೆಯ ತುದಿಗಳನ್ನು ಕುರ್ಚಿಯ ಪೆಟ್ಟಿಗೆಯೊಳಗೆ ಬಿಗಿದು ಮುಚ್ಚಳ ಹಾಕಿ, ಬ್ಯಾಟರಿ ಕಡೆಯ ಎರಡು ತುದಿಗಳನ್ನು ಹಾಗೇ ಹೊರಗೆ ಬಿಟ್ಟು ಊಟಕ್ಕೆ ಹೋದಳು.

ನಾನು ಆ ತುದಿಗಳನ್ನು ನೋಡುತ್ತ ಕೂತೆ. ಒಬ್ಬ ಮನುಷ್ಯನ ಭಾರ, ಇಳಿಜಾರು ರಸ್ತೆ, ನಡುವೆ ಬರೀ ಒಂದು ಒತ್ತು. ಭಯವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಭಯ ಸುಳ್ಳಲ್ಲ. ಆದರೆ ಅದರ ಹಿಂದೆ ಕೂತಿದ್ದದ್ದು ಹೊಟ್ಟೆಕಿಚ್ಚು. ನಾಳೆ ಆ ಕುರ್ಚಿ ಚೆನ್ನಾಗಿ ಓಡಿದರೆ ಅದರೊಳಗೆ ನನ್ನದೂ ಇದೆ ಎಂದು ನನಗಾದರೂ ಗೊತ್ತಿರಬೇಕಿತ್ತು. ಮಹಾ ಅಣ್ಣ ನಾನು!

ಸ್ಲೀವನ್ನು ಬ್ಲೇಡಿನಲ್ಲಿ ಸೀಳಿ ತೆಗೆದೆ. ಅಪ್ಪನ ಐರನ್ನು ಕಾದಿತ್ತು. ಪೇಸ್ಟು ಸವರಿ ಲಗ್ಗಿನ ಬಾಯಿಗೆ ಲೆಡ್ಡು ಮುಟ್ಟಿಸಿದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಲೆಡ್ಡು ಎಳೆಗಳೊಳಗೆ ಸರಸರ ಏರಿಹೋಯಿತು. ಎಷ್ಟು ಚೆಂದವಾಗಿ ಏರಿತೆಂದರೆ ನನಗೆ ಖುಷಿಯಾಯಿತು. ಕೆಂಪಿಗೊಂದು, ಕಪ್ಪಿಗೊಂದು. ಹೊಸ ಸ್ಲೀವು ಹಾಕಿ ಬಿಗಿ ಮಾಡಿದೆ. ಅವಳದೇ ಡಬ್ಬಿಯ ಸ್ಲೀವು, ಅವಳದೇ ಅಳತೆ.

ಅವಳು ಬಂದವಳೇ ಮೂಗು ಅರಳಿಸಿದಳು. "ಪೇಸ್ಟ್ ವಾಸನೆ."

"ಈ ಅಂಗಡೀಲಿ ಯಾವತ್ತು ಪೇಸ್ಟ್ ವಾಸನೆ ಇಲ್ಲ, ಹೇಳು ನೋಡೋಣ" ಎಂದೆ. ಅವಳು ನಕ್ಕು ಎರಡೂ ತುದಿಗಳನ್ನು ಬ್ಯಾಟರಿಗೆ ಬಿಗಿದಳು.

ಎರಡೂವರೆ ತಿಂಗಳು ಕುರ್ಚಿ ಓಡಿತು. ಯಜಮಾನರು ಅಂಗಡಿಯ ಮುಂದೆ ಹೋಗುವಾಗ ಕೈಯೆತ್ತಿ, "ಮಗಳೇ, ಕುದುರೆ ಓಡ್ದಂಗೆ ಓಡ್ತಿದೆ" ಎಂದು ಕೂಗುತ್ತಿದ್ದರು. ಆಸ್ಪತ್ರೆಯವರೂ ಅದನ್ನು ನೋಡಿ, ತಮ್ಮಲ್ಲಿನ ಕುರ್ಚಿ, ಮಂಚಗಳ ವೈರಿಂಗನ್ನೆಲ್ಲ ನೋಡಿಕೊಳ್ಳಲು ಬಾ ಎಂದು ತಂಗಿಯನ್ನು ಕರೆದಿದ್ದರು. ಕಾಯಂ ಕೆಲಸ. ಅವಳು ಅವರು ಕಳಿಸಿದ ಕಾಗದವನ್ನು ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚಿ ಮಾಡುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಇಳಿಜಾರಿನ ನಟ್ಟನಡುವೆ ಕೆಂಪು ವೈರು ಬಿಟ್ಟಿತು. ಕರೆಂಟು ಹೋದರೆ ಆ ಕುರ್ಚಿಯ ಬ್ರೇಕು ತಾನಾಗಿ ಗಪ್ಪನೆ ಹಿಡಿದುಕೊಳ್ಳುತ್ತದೆ. ಕುರ್ಚಿ ನಿಂತಿತು, ಯಜಮಾನರು ನಿಲ್ಲಲಿಲ್ಲ. ಮುಂದಕ್ಕೆ ಹಾರಿ ರಸ್ತೆಗೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಕೂದಲೆಳೆಯಂಥ ತಿರುಪುಗಳನ್ನು ಹಿಡಿಯುವ ಕೈ ಅದು.

ತಂಗಿ ಅವರ ಜತೆ ಆಸ್ಪತ್ರೆಗೆ ಓಡಿದಳು. ಕುರ್ಚಿಯನ್ನು ನಾಲ್ಕು ಜನ ಹೊತ್ತು ನನ್ನ ಅಂಗಡಿಗೆ ತಂದು ಇಳಿಸಿದರು. ಸೀಟು ಎತ್ತಿ ನೋಡಿದೆ. ಲಗ್ಗು ಬ್ಯಾಟರಿಯ ಮೇಲೆ ಕೂತಲ್ಲೇ ಕೂತಿತ್ತು. ಅದರಿಂದ ಒಂದು ಬೆರಳಿನಷ್ಟು ವೈರು ಗಟ್ಟಿ ಕಡ್ಡಿಯಾಗಿ ಹೊರಚಾಚಿ, ಲೆಡ್ಡು ನಿಂತ ಜಾಗದಲ್ಲಿ ಚಾಕುವಿನಲ್ಲಿ ಕೊಯ್ದ ಹಾಗೆ ಮುರಿದಿತ್ತು. ತಂಗಿ ಹೇಳಿದ್ದ ಜಾಗವೇ. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಇಂಥ ಮುರಿತಗಳನ್ನು ನಾನು ಎಷ್ಟು ನೋಡಿಲ್ಲ! ವರ್ಷಾನುಗಟ್ಟಲೆ ಜನ ತಂದಿದ್ದಾರೆ, ನಾನು ಮತ್ತೆ ಬೆಸೆದು ಕಳಿಸಿದ್ದೇನೆ. ವೈರೇ ಸರಿಯಿಲ್ಲ, ಈಗಿನ ಮಾಲೇ ಹೀಗೆ ಎಂದು ಕಂಪನಿಗೆ ಬೈದಿದ್ದೇನೆ. ಅವತ್ತು ಬೈಯಲು ಯಾರೂ ಸಿಗಲಿಲ್ಲ.

ಕೆಂಪು ವೈರನ್ನು ಪೂರ್ತಿ ಬಿಚ್ಚಿ, ಲಗ್ಗಿನಲ್ಲಿ ಉಳಿದಿದ್ದ ತುಂಡಿನ ಸಮೇತ ಹಳೇ ಪತ್ರಿಕೆಯಲ್ಲಿ ಸುತ್ತಿ ಮೇಜಿನ ಕೆಳಗಿನ ಖಾನೆಗೆ ಹಾಕಿದೆ. ತಂಗಿ ಬಂದಾಗ ಮಧ್ಯಾಹ್ನ ದಾಟಿತ್ತು. ಬಾಗಿಲಲ್ಲೇ ನಿಂತು ಕೇಳಿದಳು.

"ಎಲ್ಲಿ ಬಿಟ್ಟಿದೆ ಅಣ್ಣ? ಲಗ್ಗಿಂದ ಕಿತ್ಕೊಂಡು ಬಂದಿದೆಯಾ?"

ನಾನು "ಹೂಂ" ಎಂದೆ.

ಅಷ್ಟೇ. ಸುಳ್ಳನ್ನು ಕಟ್ಟುವ ಕಷ್ಟವೂ ನನಗೆ ಬರಲಿಲ್ಲ. ಅವಳು ಅಲ್ಲೇ ಹೊಸಿಲ ಮೇಲೆ ಕೂತಳು. "ನಾನು ಎಳೆದು ನೋಡಿದ್ದೆ ಅಣ್ಣ. ಎರಡು ಸಲ ಎಳೆದಿದ್ದೆ" ಎಂದಳು. ಆಮೇಲೆ ಕೈ ಚಾಚಿ, "ಎಲ್ಲಿ, ತೋರಿಸು" ಎಂದಳು. ಗುಜರಿಯವನಿಗೆ ಹಾಕಿಬಿಟ್ಟೆ ಎಂದೆ.

ಮಾರನೆಯ ದಿನವೇ ಅವಳು ಆಸ್ಪತ್ರೆಗೆ ಹೋಗಿ, ಕೆಲಸ ಬೇಡ ಎಂದು ಹೇಳಿ ಬಂದಳು. "ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ, ಇನ್ನು ಅಲ್ಲಿರೋರ ಗತಿ ಏನು?" ಎಂದಳಂತೆ. ಎದುರಂಗಡಿಯ ಬೀಗದವನಂತೂ ಬಾಗಿಲಿಗೇ ಬಂದು, "ನಾನು ಅವತ್ತೇ ಅಂದ್ಕೊಂಡೆ ಸೋಲ್ಡರ್ ಅಣ್ಣ, ಒತ್ತಿದ್ರೆಲ್ಲ ನಿಲ್ಲುತ್ತಾ? ನಿಮ್ಮ ಬೆಸುಗೆ ಆಗಿದ್ರೆ ಈ ಕತೆ ಆಗ್ತಿತ್ತಾ?" ಎಂದ. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಕ್ಷಣಕ್ಕೆ ಅವನ ಮಾತು ಕಿವಿಗೆ ಹಿತವಾಗಿತ್ತು.

ಕೆಂಪು ವೈರಿನ ಜಾಗಕ್ಕೆ ಹಳೇ ಗಾಡಿಯೊಂದರಿಂದ ಬಿಚ್ಚಿಟ್ಟಿದ್ದ, ಕಾರ್ಖಾನೆಯಲ್ಲೇ ಲಗ್ಗು ಒತ್ತಿದ ವೈರು ಹಾಕಿದೆ. ಕಪ್ಪನ್ನು ಮುಟ್ಟಲಿಲ್ಲ. ಎರಡನ್ನೂ ಬದಲಿಸಿದರೆ ಯಾಕೆ ಎಂದು ತಂಗಿ ಕೇಳುತ್ತಾಳೆ. ಹೇಗೂ ಬಲಗೈ ಇಲ್ಲದೆ ಯಜಮಾನರು ಕುರ್ಚಿ ಓಡಿಸುವಂತಿಲ್ಲ, ಕೈ ಕೂಡುವಷ್ಟರಲ್ಲಿ ಏನಾದರೂ ಮಾಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕುರ್ಚಿಯ ಮೇಲೆ ಒಂದು ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದೆ. ಆರು ವಾರ ಅದು ಅಲ್ಲೇ ಇತ್ತು. ನಾನು ಮೇಜನ್ನು ತಿರುಗಿಸಿ ಹಾಕಿಕೊಂಡೆ, ಅದು ಕಣ್ಣಿಗೆ ಬೀಳದಿರಲಿ ಎಂದು. ಆಮೇಲೆ ಬೆನ್ನಿಗೆ ಬಿತ್ತು.

ತಂಗಿ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗುವಳು, ಸಂಜೆ ಬರುವಳು. ಬೇರೆ ಕೆಲಸ ಹುಡುಕುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದೂ ಕೇಳುವ ಧೈರ್ಯವಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿಯೇ ಬಾಯಿ ಬಿಟ್ಟಳು.

"ಇವತ್ತು ಯಜಮಾನರ ಪಟ್ಟಿ ಬಿಚ್ತಾರಂತೆ. ಸೋಮವಾರದಿಂದ ಕುರ್ಚಿ ಬೇಕಂತೆ. ನಿಮ್ಮ ತಂಗಿಗೆ ಇನ್ನಾದ್ರೂ ಬಿಡುವು ಸಿಗ್ಲಿ ಪಾಪ."

"ಅವಳಿಗೂ ಅದಕ್ಕೂ ಏನು?"

"ಏನಂದ್ರೆ? ಆರು ವಾರದಿಂದ ದಿನಾ ಅವರನ್ನ ತಳ್ಳೋ ಕುರ್ಚಿಯಲ್ಲಿ ಕೂರಿಸ್ಕೊಂಡು ಇಳಿಸೋಳು ಹತ್ತಿಸೋಳು ಅವಳೇ ಅಲ್ವಾ? ಗೂಡಂಗಡೀಲಿ ಅವರು ಹೇಳ್ದಂಗೆ ತಿರುಪು ಬಿಚ್ಚಿ ಕೊಡೋಳೂ ಅವಳೇ. ಊರಿಗೆಲ್ಲ ಗೊತ್ತು, ನಿಮಗೆ ಗೊತ್ತಿಲ್ವಾ?" ನನ್ನ ಮುಖ ನೋಡಿ ಅವಳು ದನಿ ತಗ್ಗಿಸಿದಳು. "ಆ ಕೆಂಪು ಇಕ್ಕಳಾನ ಯಾರಿಗಾದ್ರೂ ಮಾರಿಬಿಡ್ಬೇಕಂತೆ. ನಿಮ್ಮ ಮೇಜಿನ ಮೇಲೆ ಇಟ್ಟಿದೀನಿ ಅಂದ್ಲು."

ನನ್ನ ತಪ್ಪನ್ನು ಅವಳು ಆ ಇಳಿಜಾರಿನಲ್ಲಿ ದಿನಕ್ಕೆರಡು ಸಲ ತಳ್ಳುತ್ತಿದ್ದಳು.

ಆಗಲೂ ನಾನು ಮೊದಲು ಯೋಚಿಸಿದ್ದು ಏನು ಗೊತ್ತೇ? ಯಾರಿಗೂ ತಿಳಿಯದ ಹಾಗೆ ಕಪ್ಪು ವೈರನ್ನು ಬದಲಿಸಿಬಿಡಬೇಕು ಎಂದು. ಸೋಮವಾರ ಕುರ್ಚಿ ಓಡುತ್ತದೆ. ಕಪ್ಪು ವೈರಿನೊಳಗೆ ನನ್ನ ಲೆಡ್ಡು ಹಾಗೇ ಕೂತಿದೆ. ಮುರಿದರೆ ಈ ಸಲ ಮಣಿಕಟ್ಟಿಗೇ ಬಿಡುತ್ತದೆ ಎಂದು ಯಾರಿಗೆ ಗೊತ್ತು?

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ತೆಗೆದು ಒಳಹೊಕ್ಕೆ. ಸಿದ್ಧ ವೈರು ಎಲ್ಲೂ ಸಿಗಲಿಲ್ಲ, ಹಿಂದಿನ ಸಂಜೆಯೇ ಮೂರು ಅಂಗಡಿ ಸುತ್ತಿ ಬಂದಿದ್ದೆ. ಬೆಸುಗೆ ಹಾಕುವ ಮಾತೇ ಇಲ್ಲ. ಉಳಿದದ್ದು ಇಕ್ಕಳ. ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಒಂದೇ ಬಾಯಿ ಇರುತ್ತದೆ ಎಂದುಕೊಂಡಿದ್ದೆ, ನೋಡಿದರೆ ಐದು ಹಲ್ಲು, ಐದು ಅಳತೆ. ಅಂದಾಜಿನ ಮೇಲೆ ಒಂದನ್ನು ಆರಿಸಿ, ಲಗ್ಗು ಇಟ್ಟು, ಮೈಯೆಲ್ಲ ಬಲ ಹಾಕಿ ಒತ್ತಿದೆ. ನೋಡಲು ಸರಿಯಾಗಿಯೇ ಇತ್ತು. ವೈಸಿಗೆ ಸಿಕ್ಕಿಸಿ ಎಳೆದೆ. ಹಾಲುಹಲ್ಲು ಕಿತ್ತ ಹಾಗೆ ವೈರು ಈಚೆ ಬಂತು. ಇನ್ನೊಂದು ಅಳತೆಯಲ್ಲಿ ಒತ್ತಿದೆ. ಲಗ್ಗು ಸೀಳಿ, ಎಳೆಗಳೆಲ್ಲ ನಜ್ಜುಗುಜ್ಜಾದವು. ಐದನೆಯ ಲಗ್ಗೂ ಕೆಡುವಷ್ಟರಲ್ಲಿ ನನಗೆ ಬೆವರು ಕಿತ್ತುಕೊಂಡಿತ್ತು. ಎಂಟು ವರ್ಷ ಕಲಿತ ಕೆಲಸವನ್ನು ನಾನು ಬಟ್ಟೆಗೆ ಕ್ಲಿಪ್ ಹಾಕುವುದು ಎಂದಿದ್ದೆ.

ಆ ಕುರ್ಚಿಯನ್ನು ಸರಿಮಾಡಬಲ್ಲ ಕೈ ಈ ಬೀದಿಯಲ್ಲಿ ಒಂದೇ ಇತ್ತು, ಅದನ್ನು ನಾನು ಕೆಡಿಸಿ ಕೂರಿಸಿದ್ದೆ. ಖಾನೆಯಿಂದ ಪತ್ರಿಕೆಯ ಸುರುಳಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಇಳಿಜಾರಿನ ಕೆಳಗೆ ನಡೆದೆ.

ಗೂಡಂಗಡಿ ತೆರೆದಿತ್ತು. ಯಜಮಾನರ ಪಟ್ಟಿ ಬಿಚ್ಚಿದ್ದರು. ಬಲಗೈ ಸಣಕಲಾಗಿ, ಬೆಳ್ಳಗಾಗಿ, ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೇಳುತ್ತಿದ್ದರು, ತಂಗಿ ಚಿಮಟದಲ್ಲಿ ಒಂದು ತಿರುಪನ್ನು ಹಿಡಿದು ಉಸಿರು ಬಿಗಿಹಿಡಿದಿದ್ದಳು. "ಎಡಕ್ಕೆ... ಇನ್ನೊಂಚೂರು... ಬಿಡು. ಶಭಾಷ್!"

ನಾನು ಸುರುಳಿಯನ್ನು ಅವರ ಮುಂದೆ ಇಟ್ಟು ಬಿಚ್ಚಿದೆ. ಕೆಂಪು ವೈರು, ಮುರಿದ ತುದಿ, ಲಗ್ಗಿನಲ್ಲಿ ಉಳಿದ ತುಂಡು.

ತಂಗಿ ಗುರುತು ಹಿಡಿದಳು. "ಗುಜರಿಗೆ ಹಾಕ್ದೆ ಅಂದೆ?"

"ಹಾಕ್ಲಿಲ್ಲ." ಮುರಿದ ತುದಿಯನ್ನು ಅವಳ ಕಡೆ ತಿರುಗಿಸಿದೆ. "ಅದು ಲಗ್ಗಿಂದ ಕಿತ್ತು ಬಂದಿರ್ಲಿಲ್ಲ ಕಣೇ. ನಾನು ಸುಳ್ಳು ಹೇಳ್ದೆ. ನೀನು ಅವತ್ತು ಊಟಕ್ಕೆ ಹೋದಾಗ ನಾನು ಅದರ ಮೇಲೆ ಲೆಡ್ಡು ಹರಿಸ್ದೆ. ಕೆಂಪಿಗೂ ಕಪ್ಪಿಗೂ. ಆ ಲೆಡ್ಡು ನಿಂತ ಕಡೆ ಮುರೀತು. ನೀನು ಹೇಳಿದ್ದ ಜಾಗದಲ್ಲೇ. ಕಪ್ಪು ಇನ್ನೂ ಕುರ್ಚೀಲೇ ಇದೆ, ಅದೂ ಮುರಿಯುತ್ತೆ. ಕುರ್ಚಿ ಹತ್ಬೇಡಿ ಯಜಮಾನ್ರೇ."

ಗೂಡಂಗಡಿಯ ತುಂಬ ಗಡಿಯಾರಗಳು ಟಕಟಕ ಎನ್ನುತ್ತಿದ್ದವು. ಬೈಯುತ್ತಾಳೆ, ಚಿಮಟ ಎಸೆಯುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಹಾಗಾದ್ರೆ ನನ್ನ ಒತ್ತು ಸರಿ ಇತ್ತಾ?"

"ಸರಿ ಇತ್ತು."

"ನಿಜವಾಗ್ಲೂ?"

ಯಜಮಾನರು ಎಡಗೈಯಲ್ಲಿ ತುಂಡನ್ನು ಎತ್ತಿ ಭೂತಗನ್ನಡಿಗೆ ಹಿಡಿದರು. ತುಂಬ ಹೊತ್ತು ನೋಡಿದರು. "ಕಿತ್ತಿಲ್ಲಮ್ಮ. ಮುರಿದಿದೆ. ಲಗ್ಗಿನೊಳಗಿಂದು ಹಾಗೇ ಕೂತಿದೆ" ಎಂದರು. ಆಮೇಲೆ ವೈರನ್ನು ತಿರುಗಿಸಿ ಇನ್ನೊಂದು ತುದಿ ತೋರಿಸಿದರು. ಅದು ಪೆಟ್ಟಿಗೆಯೊಳಗೆ ಇದ್ದದ್ದು, ನಾನು ಮುಟ್ಟದೆ ಉಳಿದದ್ದು. "ಇದು ಬರೀ ನಿಂದು. ಇದಕ್ಕೆ ಏನೂ ಆಗಿಲ್ಲ ನೋಡು."

ತಂಗಿ ಆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಕಾರ್ಖಾನೆ ಮುಚ್ಚಿದಾಗಲೂ ಅತ್ತಿರದವಳು.

ಯಜಮಾನರು ನನ್ನ ಕಡೆ ತಿರುಗಿದರು. "ಕೈ ಹೋಯ್ತು, ಬರುತ್ತೆ. ಅದಲ್ಲ ಕಣಯ್ಯ. ಇವಳು ದಿನಾ ಬೆಳಿಗ್ಗೆ ಬಂದು, ಯಜಮಾನ್ರೇ ಕ್ಷಮಿಸಿ ಅನ್ನೋಳು. ನಾನೂ ದೊಡ್ಡ ಮನುಷ್ಯನ ಥರ, ಹೋಗ್ಲಿ ಬಿಡಮ್ಮ, ಕ್ಷಮಿಸಿದೀನಿ ಅನ್ನೋನು. ಮಾಡದೇ ಇರೋ ತಪ್ಪಿಗೆ! ಆರು ವಾರ! ನಿನ್ನ ಸುಳ್ಳಿಗೆ ನನ್ನನ್ನೂ ಪಾಲುದಾರ ಮಾಡ್ಕೊಂಡ್ಯಲ್ಲಯ್ಯ" ಎಂದರು.

ಕಾಲಿಗೆ ಬೀಳುವುದೂ ನಾಟಕವಾಗುತ್ತಿತ್ತು.

ತಂಗಿ ಮುಖ ಒರೆಸಿಕೊಂಡು ಎದ್ದಳು. "ಸೋಮವಾರ ಇವರಿಗೆ ಕುರ್ಚಿ ಬೇಕು. ನಡೀರಿ" ಎಂದಳು. ತಳ್ಳುವ ಕುರ್ಚಿಯ ಹಿಡಿಗೆ ನಾನು ಕೈಹಾಕಲು ಹೋದೆ. "ಬೇಡ, ಬಿಡು" ಎಂದು ತಾನೇ ತಳ್ಳಿದಳು. ನಾನು ಹಿಂದೆ ನಡೆದೆ. ಎದುರಂಗಡಿಯ ಬೀಗದವನು ಬಾಗಿಲಲ್ಲಿ ನಿಂತು, "ಏನು ಸೋಲ್ಡರ್ ಅಣ್ಣ, ಮೆರವಣಿಗೆ?" ಎಂದ. ನಾನು ನಿಂತೆ. "ಅವತ್ತು ಮುರಿದದ್ದು ಇವಳ ಒತ್ತಲ್ಲಪ್ಪ. ನಾನು ಕದ್ದು ಹಾಕಿದ ಬೆಸುಗೆ" ಎಂದೆ. ತಂಗಿ ತಿರುಗಿ ನೋಡಲಿಲ್ಲ, ಆದರೆ ಅವಳ ನಡಿಗೆ ಒಂದು ಹೆಜ್ಜೆಯಷ್ಟು ತಡೆಯಿತು.

ಅಂಗಡಿಯಲ್ಲಿ ನಾನು ಕೆಡಿಸಿ ಬಿಸಾಕಿದ್ದ ಐದು ಲಗ್ಗುಗಳು ನೆಲದ ಮೇಲೇ ಇದ್ದವು. ಅವಳು ಒಂದೊಂದನ್ನೂ ಎತ್ತಿ ನೋಡಿದಳು, ಡಬ್ಬಿಗೆ ಹಾಕಿದಳು. ಕುರ್ಚಿಯ ಬಟ್ಟೆ ಸರಿಸಿ ಕಪ್ಪು ವೈರನ್ನು ಬಿಚ್ಚಿದಳು. ನನ್ನ ಲೆಡ್ಡಿರುವ ತುದಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪವೇ ಬಗ್ಗಿಸಿದಳು. ಸ್ಲೀವಿನೊಳಗೆ ಕಟಕಟ ಎಂದು ಎಳೆಗಳು ಮುರಿಯುವ ಸದ್ದು ಮೂವರಿಗೂ ಕೇಳಿತು. ಅರ್ಧ ಎಳೆಗಳು ಆಗಲೇ ಹೋಗಿದ್ದವು. ಯಜಮಾನರು ಕಣ್ಣು ಮುಚ್ಚಿಕೊಂಡರು.

ಹೊಸ ವೈರು ಕತ್ತರಿಸಿದಳು, ಸಿಪ್ಪೆ ಸುಲಿದಳು. ಒಂದು ಎಳೆಯೂ ಹೊರಗುಳಿಯದ ಹಾಗೆ ಲಗ್ಗಿಗೆ ತೂರಿಸಿದಳು. ಇಕ್ಕಳ ಕೈಗೆ ತೆಗೆದುಕೊಂಡಳು. ಎರಡು ಸಲ ಇಟ್ಟು, ಎರಡು ಸಲ ಹಿಂದಕ್ಕೆ ತೆಗೆದಳು. ಆರು ವಾರದ ಹಿಂದೆ ಮಾತಾಡುತ್ತ ಮಾತಾಡುತ್ತ ಒತ್ತಿ ಬಿಸಾಕುತ್ತಿದ್ದವಳು. ಆ ಅನುಮಾನವನ್ನು ಅವಳ ಕೈಯಲ್ಲಿ ಇಟ್ಟದ್ದು ನಾನು. ಮೂರನೆಯ ಸಲ ಕಚಕ್ ಎಂದಿತು.

ವೈಸಿಗೆ ಸಿಕ್ಕಿಸಿದಳು. ಎಂದಿನ ಹಾಗೆ ತಾನು ಎಳೆಯಲಿಲ್ಲ. ವೈರಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಎಳಿ."

ಕೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದೆ.

"ಹಂಗಲ್ಲ. ಮೈಭಾರ ಬಿಟ್ಟು ಎಳಿ."

ಮೇಜಿನ ಕಾಲಿಗೆ ಪಾದ ಕೊಟ್ಟೆ. ನನ್ನದು ಅವಳ ಒಂದೂವರೆಯಷ್ಟು ತೂಕ. ಇಡೀ ಮೈ ಹಿಂದಕ್ಕೆ ಬಿಟ್ಟೆ. ಮೇಜು ಕಿರುಗುಟ್ಟಿತು. ವೈರು ಅಂಗೈಯನ್ನು ಕೊಯ್ಯುತ್ತಿತ್ತು. ಲಗ್ಗು ಒಂದು ನೂಲಿನಷ್ಟೂ ಜರುಗಲಿಲ್ಲ.

"ಸಾಕಾ?" ಎಂದಳು.

"ಸಾಕು."

"ಅನುಮಾನ ಏನಾದ್ರೂ ಇದೆಯಾ?"

"ಇಲ್ಲಮ್ಮ."

ಅವಳು ವೈಸನ್ನು ಸಡಿಲಿಸಿ ಲಗ್ಗು ಬಿಡಿಸಿಕೊಂಡಳು. ವೈರಿನ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು. ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಅವತ್ತೂ ಇಷ್ಟೇ ಮಾಡಬಹುದಿತ್ತಲ್ಲ ಅಣ್ಣ" ಎಂದಳು. "ಒಂದ್ಸಲ ಎಳೆದು ನೋಡಿದ್ರೆ ಆಗ್ತಿತ್ತು. ನಾನು ಕರೀತಾನೇ ಇದ್ನಲ್ಲ."